ತಂಪಿನಲ್ಲಿ ಬಿರಿದ ಲೇಪ

ವಿಮಾನದ ಎಂಜಿನ್ನಿನೊಳಗೆ ಒಂದು ಲೋಹದ ಅಲಗಿತ್ತು. ಬೆಂಕಿ ತಾಗದಿರಲೆಂದು ಅದರ ಮೈಗೆ ಪಿಂಗಾಣಿಯ ತೆಳು ಲೇಪ ಬಳಿದಿದ್ದರು. ವಿಮಾನ ಹಾರಿದಾಗಲೆಲ್ಲ ಬೆಂಕಿ ಭೋರೆಂದು ಮೇಲೆ ಬೀಳುತ್ತಿತ್ತು. ಅಲಗು ಕಾದು ಹಿಗ್ಗಿದರೆ, ಲೇಪ ನೋವು ನುಂಗಿಕೊಂಡು ತಾನೂ ಹಿಗ್ಗುತ್ತಿತ್ತು.

"ತಮ್ಮಾ, ಕೈಬಿಡಬೇಡ," ಎಂದು ಅಲಗು ಅಂಗಲಾಚುತ್ತಿತ್ತು.

"ಪ್ರಾಣ ಹೋದರೂ ಬಿಡುವುದಿಲ್ಲ ಅಣ್ಣಾ," ಎನ್ನುತ್ತಿತ್ತು ಲೇಪ.

ಒಂದು ಸಂಜೆ ವಿಮಾನ ಇಳಿಯಿತು, ಬೆಂಕಿ ಆರಿತು. "ಅಬ್ಬಾ, ಗೆದ್ದೆ!" ಎಂದು ಅಲಗು ಸರಸರನೆ ಕುಗ್ಗತೊಡಗಿತು. ಅಷ್ಟು ಬೇಗ ಕುಗ್ಗುವುದು ಪಿಂಗಾಣಿಯಿಂದ ಆಗದ ಮಾತು.

"ನಿಧಾನ ಅಣ್ಣಾ, ನನ್ನ ಮೈ ಬಿರಿಯುತ್ತಿದೆ."

"ಬೆಂಕಿಯಲ್ಲೇ ಬಿರಿಯದವನು ತಂಪಿನಲ್ಲಿ ಬಿರಿಯುತ್ತೀಯಾ? ನಿನ್ನ ನಾಟಕ ಸಾಕು. ನನಗೆ ದಣಿವಾಗಿದೆ."

ಲೇಪ ಚಟ್ಟೆಂದು ಸೀಳಿ, ಚಕ್ಕೆಯಾಗಿ ಕಳಚಿ ಕೆಳಗೆ ಬಿತ್ತು. ನಿದ್ದೆ ಹೋಗಿದ್ದ ಅಲಗಿಗೆ ಅದು ಗೊತ್ತೂ ಆಗಲಿಲ್ಲ.

ಬೆಳಗ್ಗೆ ಎಂಜಿನ್ನಿಗೆ ಮತ್ತೆ ಬೆಂಕಿ ಕೊಟ್ಟರು.

"ತಮ್ಮಾ, ಕೈಬಿಡಬೇಡ!" ಎಂದು ಅಲಗು ಚೀರಿತು.

ಕೆಳಗೆ ಬಿದ್ದಿದ್ದ ಚಕ್ಕೆಯ ಬಾಯಿಗೆ ಹಳೆಯ ಮಾತೇ ಬಂತು: "ಪ್ರಾಣ ಹೋದರೂ ಬಿಡುವುದಿಲ್ಲ ಅಣ್ಣಾ." ಆ ಭೋರ್ಗರೆತದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮೇಲೆ ಅಲಗು ಆಗಲೇ ಕರಗತೊಡಗಿತ್ತು.