ಏಳನೇ ನಂಬರಿನ ಸದ್ದು

ನದಿ ದಂಡೆಯ ಶೆಡ್ಡಿನಲ್ಲಿ ಹದಿನಾರು ಹಳೆಯ ಟ್ರಾಮುಗಳಿದ್ದವು. ಅವುಗಳ ಬಿಡಿಭಾಗ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಬೇಕಾದ್ದನ್ನು ಖುದ್ದೂಸ್ ಮೇಸ್ತ್ರಿ ತಾವೇ ಎರಕ ಹೊಯ್ದು ಮಾಡುತ್ತಿದ್ದರು. ಒಂದೊಂದೇ ಟ್ರಾಮನ್ನು ಪೂರ್ತಿ ಬಿಚ್ಚಿ, ಸವೆದದ್ದನ್ನು ತೆಗೆದು, ಮತ್ತೆ ಜೋಡಿಸಿ ಊರೊಳಕ್ಕೆ ಕಳಿಸುತ್ತಿದ್ದರು.

ಚಿಕ್ಕತಾಯಮ್ಮ ಮೇಸ್ತ್ರಿಯ ಶಿಷ್ಯೆ. ಗಂಡ ಮಾದಯ್ಯ ಟ್ರಾಮು ಓಡಿಸುತ್ತಿದ್ದವನು. ಅವನು ತೀರಿಕೊಂಡ ಮೇಲೆ, ನಲವತ್ತರ ವಯಸ್ಸಿನಲ್ಲಿ, ಅವಳು ಸ್ಪ್ಯಾನರ್ ಹಿಡಿದಳು. ಆರು ವರ್ಷದಲ್ಲಿ ಕೆಲಸ ಕೈಗೆ ಹತ್ತಿತ್ತು.

ಆ ವರ್ಷ ಏಳನೇ ನಂಬರಿನ ಸರದಿ ಬಂತು. ಮಾದಯ್ಯ ಹದಿನೆಂಟು ವರ್ಷ ಓಡಿಸಿದ ಗಾಡಿ.

"ಇದನ್ನು ನಾನೊಬ್ಬಳೇ ಮಾಡ್ತೀನಿ, ಮೇಸ್ತ್ರಿಗಳೇ."

"ಮಾಡು."

ಮೂರು ತಿಂಗಳು ಹಿಡಿಯಿತು. ಸೀಟಿನ ಹಲಗೆ ಉಜ್ಜಿದಳು, ಬ್ರೇಕು ಬದಲಿಸಿದಳು, ತಂತಿಗಳನ್ನೆಲ್ಲ ಹೊಸದಾಗಿ ಎಳೆದಳು. ಮುಂದಿನ ಗಾಲಿಯ ಅಚ್ಚು ತಿರುಗುವ ಹಿತ್ತಾಳೆಯ ಬುಷ್ಷೊಂದನ್ನು ಮಾತ್ರ, ಸವೆದಿದ್ದರೂ, ಒರೆಸಿ, ಎಣ್ಣೆ ಹಾಕಿ, ಹಾಗೇ ವಾಪಸ್ಸು ಕೂರಿಸಿದಳು.

ಪರೀಕ್ಷೆಗೆಂದು ಮೇಸ್ತ್ರಿ ಗಾಡಿಯನ್ನು ಸೇತುವೆಯವರೆಗೆ ಓಡಿಸಿದರು. ತಿರುವಿನಲ್ಲಿ ಗುಂಯ್ ಎಂದು ಸಣ್ಣ ದನಿ ಎದ್ದಿತು. ಪಕ್ಕದಲ್ಲಿ ನಿಂತಿದ್ದ ಚಿಕ್ಕತಾಯಮ್ಮ ಕಣ್ಣು ಮುಚ್ಚಿಕೊಂಡಳು.

ಶೆಡ್ಡಿಗೆ ಬಂದ ಮೇಲೆ ಮೇಸ್ತ್ರಿ ಗಾಲಿಯತ್ತ ಬೆರಳು ತೋರಿದರು. "ಮುಟ್ಟಿ ನೋಡು."

ಮುಟ್ಟಿದವಳೇ ಕೈ ಹಿಂದಕ್ಕೆಳೆದುಕೊಂಡಳು. ಕಾದ ಹೆಂಚು.

"ನಾಳೆ ಇದರಲ್ಲಿ ಅರವತ್ತು ಜನ ಕೂರುತ್ತಾರೆ," ಎಂದರು ಮೇಸ್ತ್ರಿ.

ಅವಳು ತಲೆ ತಗ್ಗಿಸಿದಳು. "ತಪ್ಪಾಯ್ತು. ಬದಲಿಸೋಕೆ ಮನಸ್ಸು ಬರಲಿಲ್ಲ. ಅವರಿದ್ದಾಗ ಸಂಜೆ ಬಾಗಿಲಲ್ಲಿ ನಿಂತಿರುತ್ತಿದ್ದೆ. ಹತ್ತು ಟ್ರಾಮು ಹೋದರೂ ಎಣಿಸುತ್ತಿರಲಿಲ್ಲ. ಇದು ತಿರುವಿಗೆ ಬಂದರೆ ಸದ್ದಿನಲ್ಲೇ ಗೊತ್ತಾಗೋದು. ಒಳಗೆ ಹೋಗಿ ಎಸರಿಗೆ ಅಕ್ಕಿ ಹಾಕುತ್ತಿದ್ದೆ. ಆ ಸದ್ದೂ ಹೋದರೆ ನನಗೆ ಉಳಿಯೋದೇನು?"

ಮೇಸ್ತ್ರಿ ಬೈಯಲಿಲ್ಲ. ಹೊಸ ಬುಷ್ಷನ್ನು ತಂದು ಅವಳ ಮುಂದಿಟ್ಟರು.

ಮಧ್ಯಾಹ್ನದ ಹೊತ್ತಿಗೆ ಅವಳು ಕೆಲಸ ಮುಗಿಸಿದಳು. ಗಾಡಿ ಮತ್ತೆ ಸೇತುವೆಗೆ ಹೋಯಿತು. ತಿರುವು ಬಂತು, ಕಳೆಯಿತು. ಸದ್ದೇ ಇಲ್ಲ. ಆರು ವರ್ಷ ತಡೆದಿಟ್ಟುಕೊಂಡಿದ್ದ ಅಳು ಒಮ್ಮೆಲೇ ಬಂತು.

ಮೇಸ್ತ್ರಿ ಗಾಡಿ ನಿಲ್ಲಿಸಿ, ಅಳು ಇಳಿಯುವವರೆಗೆ ಕಾದರು.

"ತಾಯಮ್ಮ, ನೀನು ತೆಗೆದ ಆ ಬುಷ್ಷು ಮಾದಯ್ಯ ಹೋದ ಮೇಲೆ ಹಾಕಿದ್ದು."

"ಅವರ ಕಾಲದ್ದಲ್ಲವೇ?"

"ಅವನ ಕಾಲದಲ್ಲಿ ನನಗೆ ಕಸುವಿತ್ತು. ಪ್ರತಿ ವರ್ಷ ಮಳೆಗೆ ಮುಂಚೆ ಹೊಸತು ಹಾಕುತ್ತಿದ್ದೆ. ಹದಿನೆಂಟು ವರ್ಷದಲ್ಲಿ ಒಂದು ದಿನವೂ ಈ ಗಾಡಿ ಸದ್ದು ಮಾಡಿದ್ದಿಲ್ಲ."

ಚಿಕ್ಕತಾಯಮ್ಮ ಮೇಸ್ತ್ರಿಯತ್ತ ತಿರುಗಿದಳು.

"ಹಾಗಾದರೆ, ಮೇಸ್ತ್ರಿಗಳೇ, ದಿನಾ ಸಂಜೆ ನನಗೆ ಕೇಳಿಸುತ್ತಿದ್ದದ್ದು ಏನು?"

"ಕಾಯುತ್ತಿದ್ದವಳು ನೀನು," ಎಂದರು ಮೇಸ್ತ್ರಿ. "ನನ್ನನ್ನು ಕೇಳುತ್ತೀಯಲ್ಲ?"