ಗುಟುಕಬಾವಿಯ ಮೊದಲ ಕೊಡ

ಗುಟುಕಬಾವಿ ಇಂದು ನಗರಸಭೆಯಿರುವ ಊರು. ರೈಲು ಇಳಿದು ಹಳೆಯ ಬ್ಯಾರಕ್‌ಗಳ ಸಾಲು ದಾಟಿದರೆ ಕಚೇರಿಯ ಹಿಂಬದಿಯಲ್ಲಿ ಕಬ್ಬಿಣದ ಜಾಲರಿ ಹೊದಿಸಿದ ಸೇದುಬಾವಿಯೊಂದು ಕಾಣುತ್ತದೆ. ಪಕ್ಕದಲ್ಲೊಂದು ಮುದಿ ಬೇವಿನ ಮರ. ದಂಡಿನ ಸಾಹೇಬನೊಬ್ಬ ಪ್ರಜೆಗಳ ಮೇಲಿನ ಕರುಣೆಯಿಂದ ಈ ಬಾವಿ ತೋಡಿಸಿದನೆಂದು ಅಲ್ಲಿ ನೆಟ್ಟ ಕಲ್ಲು ಹೇಳುತ್ತದೆ. ನಂಬುವವರು ನಂಬಲಿ. ಊರಿನ ಹಿರಿಯರು ಮಾತ್ರ ಆ ಕಲ್ಲಿಗೇ ಬೆನ್ನು ಆನಿಸಿ ಕೂತು ಬೇರೆ ಕಥೆ ಹೇಳುತ್ತಾರೆ.

ಹಿಂದೆ ಒಮ್ಮೆ ಇಲ್ಲಿ ಊರೇ ಇರಲಿಲ್ಲ. ಕೆಂಚಪ್ಪನೆಂಬ ರೈತನ ಎರೆಹೊಲ, ಅವನ ಅಜ್ಜ ತೋಡಿದ ಬಾವಿ, ಒಂದು ಗುಡಿಸಲು, ಅದರಲ್ಲಿ ಅವನೂ ಹೆಂಡತಿ ಬಾಳವ್ವನೂ, ಇಷ್ಟೇ ಎನ್ನುತ್ತಾರೆ. ಒಂದು ಬೇಸಿಗೆಯಲ್ಲಿ ಪರಂಗಿಗಳ ದಂಡು ಬಂದು ಆ ಹೊಲದಲ್ಲೇ ಡೇರೆ ಹೊಡೆಯಿತು. ಒಡೆಯನನ್ನು ಕೇಳಿದವರಿಲ್ಲ. ಕೇಳುವುದಿರಲಿ, ತನ್ನದೇ ಬಾವಿಯ ನೀರನ್ನು ಪಖಾಲಿಯೆಂಬ ತೊಗಲಿನ ಚೀಲದಲ್ಲಿ ತುಂಬಿ, ಕೋಣದ ಮೇಲೆ ಹೇರಿ ಸಿಪಾಯಿಗಳಿಗೆ ಮುಟ್ಟಿಸುವ ಆಳಾದ ಕೆಂಚಪ್ಪ. "ಇವರ ಹೊಟ್ಟ್ಯಾಗ ನೀರಽ ಬೆಂಕಿ ಆಗ್ಲಿ" ಎಂದು ಅವನು ಹಲ್ಲು ಕಡಿಯುವುದನ್ನು ಬಾಳವ್ವ ದಿನವೂ ಕೇಳುತ್ತಿದ್ದಳು. ಬಡವನ ಕೋಪ ದವಡೆಗೆ ಮೂಲ ಎಂದುಕೊಂಡು ತನ್ನ ಕೆಲಸಕ್ಕೆ ತಿರುಗುತ್ತಿದ್ದಳು. ಆದರೆ ಒಂದು ದಿನ ಅವನು, "ಬಾವಿ ನೀರು ರಾಡಿ ಆಗೇತಿ, ಮನಿಗೆ ಹಳ್ಳದ ನೀರು ತಾ" ಎಂದ. ಬಾಳವ್ವ ಬಾವಿಗೆ ಇಣುಕಿದಳು. ನೀರು ತಿಳಿಯಾಗಿಯೇ ಇತ್ತು. ಅದೇ ವಾರ ಕೆಲವು ಸಿಪಾಯಿಗಳು ವಾಂತಿಭೇದಿಯಾಗಿ ಸತ್ತರು.

ದಂಡಿನ ಸಾಹೇಬ ಮೊದಲೇ ತನ್ನ ನೆರಳನ್ನೂ ನಂಬದ ಮನುಷ್ಯ. ಬಾಳವ್ವ ಬೆಳಗಿನ ಮೊದಲ ಕೊಡ ಸೇದಿ, ಹನಿಯನ್ನೂ ಬಾಯಿಗೆ ಹಾಕದೆ ಬೇವಿನ ಬುಡಕ್ಕೆ ಸುರಿಯುವುದನ್ನು ಅವನು ದುರ್ಬೀನಿನಲ್ಲಿ ನೋಡಿದ್ದ. ಮೊದಲ ಕೊಡ ಗಂಗವ್ವನ ಪಾಲು, ಮನುಷ್ಯರು ಅದನ್ನು ಕುಡಿಯಬಾರದು ಎಂಬುದು ಆ ಸೀಮೆಯ ನೇಮ. ಅದು ಅವನಿಗೆಲ್ಲಿ ಗೊತ್ತು? ಬಾವಿಗೆ ಏನೋ ಬೆರೆಸಿದ್ದಾರೆ, ಅದಕ್ಕೇ ಮೇಲಿನ ನೀರು ತೆಗೆದು ಚೆಲ್ಲುತ್ತಾರೆ ಎಂದು ಎಣಿಸಿದ. ಕೆಂಚಪ್ಪನನ್ನು ಬೇವಿನ ಮರಕ್ಕೆ ಕಟ್ಟಿಸಿ ಬಾಳವ್ವನನ್ನು ಕರೆಸಿದ.

ದುಭಾಷಿ ರಾಘೋಬ ಹೇಳಿದ: "ಸಾಹೇಬರ ಹುಕುಂ ಆಗೇದ, ತಂಗಿ. ಮೊದಲ್ನೇ ಕೊಡದ ನೀರು ನೀ ಕುಡೀಬೇಕು. ಕುಡದು ಸಂಜೀತನಕ ಬದುಕಿದ್ರ ಇವನ್ನ ಬಿಡ್ತಾರ. ಇಲ್ಲಂದ್ರ ಇದಽ ಗಿಡಕ್ಕ ನೇಣು."

"ಅದು ಗಂಗವ್ವನ ಪಾಲು, ಎಪ್ಪಾ. ಎರಡನೇದ್ದು ಬೇಕಾದ್ರ ಕುಡೀತೀನಿ."

"ಹಂಗಂತ ನಾ ಹೇಳಿದ್ರ ಅವರ ಅನುಮಾನ ಇನ್ನಷ್ಟು ಹೆಚ್ಚಾಗ್ತದ."

ಅತ್ತ ದರಿ, ಇತ್ತ ಪುಲಿ. ಆದರೆ ಬಾಳವ್ವನ ಎದೆಯನ್ನು ಸುಟ್ಟದ್ದು ಗಂಗವ್ವನ ಭಯವಲ್ಲ. ಹಳ್ಳದ ನೀರು ತಾ ಎಂದವನು ಎದುರಿಗೇ ಇದ್ದ. ಅವಳು ಗಂಡನ ಮುಖ ನೋಡಿದಳು. ಅವನು ನೆಲ ನೋಡಿದ. ಅವಳು ಮೊದಲ ಕೊಡ ಸೇದಿ ಬೊಗಸೆಯನ್ನು ಬಾಯಿಗೆ ಒಯ್ದಾಗ ಮಾತ್ರ, "ಬ್ಯಾಡಽ ಬಾಳೀ!" ಎಂದು ಚೀರಿದ. ದೇವರ ಪಾಲೆಂದು ಚೀರಿದನೋ, ಇನ್ನೇನನ್ನೋ ಬಲ್ಲವನಾಗಿ ಚೀರಿದನೋ, ಅವಳಿಗೆ ತಿಳಿಯಲಿಲ್ಲ. ತಿಳಿಯದೆಯೇ ಗುಟುಕು ಗುಟುಕಾಗಿ ಕುಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಸಂಜೆಯವರೆಗೆ ಕೂತಳು.

ಏನೂ ಆಗಲಿಲ್ಲ. ಕೆಂಚಪ್ಪನ ಹಗ್ಗ ಬಿಚ್ಚಿದರು. ನೀರು ಒಳ್ಳೆಯದೆಂದು ಖಾತ್ರಿಯಾದ ಮೇಲೆ ದಂಡು ಅಲ್ಲೇ ತಳವೂರಿತು. ಡೇರೆಗಳು ಬ್ಯಾರಕ್‌ಗಳಾದವು, ಪೇಟೆ ಬಂತು, ಕಚೇರಿ ಬಂತು, ಕೆಂಚಪ್ಪನ ಹೊಲ ಮಾತ್ರ ತಿರುಗಿ ಬರಲಿಲ್ಲ. ಬಾಳವ್ವನ ಗುಟುಕಿನಿಂದ ಉಳಿದ ಬಾವಿಗೆ ಜನ ಗುಟುಕಿನ ಬಾವಿ, ಬರಬರುತ್ತ ಗುಟುಕಬಾವಿ ಎಂದರು. ಸುತ್ತ ಬೆಳೆದ ಊರಿಗೂ ಅದೇ ಹೆಸರಾಯಿತು.

"ಅವತ್ತ ಬ್ಯಾಡ ಅಂದದ್ದು ಯಾಕ?" ಎಂದು ಬಾಳವ್ವ ಒಮ್ಮೆ ಕೇಳಿದಳು. "ದೇವರ ಪಾಲಲ್ಲೇನು?" ಎಂದ ಕೆಂಚಪ್ಪ. ಉತ್ತರ ಸರಿಯಾಗಿಯೇ ಇತ್ತು. ಆದರೂ ಮನಸ್ಸಿಗೆ ಹೊಕ್ಕ ಹುಳ ಹೊರಗೆ ಬರುವುದುಂಟೇ? ಅಂದಿನಿಂದ ಅವನು ನೀರು ಕೊಟ್ಟರೆ, "ಮೊದ್ಲು ನೀ ಒಂದು ಗುಟುಕು ಕುಡಿ" ಎನ್ನುತ್ತಿದ್ದಳು. ಅವನು ತಂಬಿಗೆ ಎತ್ತಿ, ತುಟಿಗೆ ತಾಗಿಸದೆ ಒಂದು ಗುಟುಕು ಕುಡಿದು ಕೊಡುತ್ತಿದ್ದ. ನೋಡಿದ ನೆರೆಹೊರೆಯವರು ಇದೇನೋ ದೊಡ್ಡ ಮರ್ಯಾದೆಯೆಂದು ತಾವೂ ಕಲಿತರು. ಹೀಗೇ ಇಬ್ಬರೂ ಮುದುಕರಾದರು. ಬಾಳವ್ವ ಹಾಸಿಗೆ ಹಿಡಿದು ಕೊನೆಯ ಸಲ ನೀರು ಕೇಳಿದಾಗ ಮುದುಕ ರೂಢಿಯಂತೆ ತಂಬಿಗೆ ಎತ್ತಿದ. ಅವಳು ಅವನ ಕೈ ಹಿಡಿದು, "ಇವತ್ತ ಹಂಗಽ ಕೊಡು" ಎಂದಳಂತೆ. ನೇಣಿನ ಮರಕ್ಕೆ ಕಟ್ಟಿದಾಗಲೂ ಅಳದಿದ್ದ ಕೆಂಚಪ್ಪ ಆಗ ಅತ್ತನಂತೆ.

ಈಗ ಬಾವಿಯಿಂದ ಯಾರೂ ನೀರು ಸೇದುವುದಿಲ್ಲ. ನಗರಸಭೆಯ ನಲ್ಲಿಯಲ್ಲಿ ನೀರು ಬಂದರೂ ಬಾವಿಯ ಓಣಿಯ ಹೆಂಗಸರು ಮೊದಲ ಕೊಡವನ್ನು ಬೇವಿನ ಬುಡಕ್ಕೇ ಸುರಿಯುತ್ತಾರೆ. ನೀವು ಯಾರ ಮನೆಗೆ ಹೋದರೂ ಮನೆಯವರು ಲೋಟ ಎತ್ತಿ ತಾವೊಂದು ಗುಟುಕು ಕುಡಿದು, ನಿಮ್ಮ ಮುಖ ನೋಡುತ್ತ ಮುಂದೆ ಚಾಚುತ್ತಾರೆ. ಹೊರಗಿನವರಿಗೆ ಇದು ಉಪಚಾರವೋ ಅನುಮಾನವೋ ಅರ್ಥವಾಗುವುದಿಲ್ಲ. ಸಾಯುವವರ ಬಾಯಿಗೆ ಬಿಡುವ ನೀರನ್ನು ಮಾತ್ರ ಈ ಊರಿನಲ್ಲಿ ಯಾರೂ ಮೊದಲು ಕುಡಿದು ನೋಡುವುದಿಲ್ಲ. ಅದನ್ನು ಹಾಗೆಯೇ ಕೊಡುತ್ತಾರೆ.