ಕುಣಿಯ ಮಣ್ಣು

“ಒಪ್ಪಿದ ಅವಧಿ ಮುಗಿಯುವ ಮೊದಲೇ ಒಬ್ಬನು ತಾನಿದ್ದ ಜಾಗವನ್ನು ಬಿಟ್ಟು ಹೋದರೆ, ಅಲ್ಲಿ ಅವನು ಏನನ್ನು ಬಾಕಿ ಉಳಿಸಿ ಹೋಗುತ್ತಾನೆ ಗುರುಗಳೇ?” ಎಂದು ಶಿಷ್ಯ ಕೇಳಿದ.

ಕೇಳುವಾಗ ಅವನ ಚಾಪೆ ಸುತ್ತಿಟ್ಟಾಗಿತ್ತು. ಹನ್ನೆರಡು ವರ್ಷ ಈ ಮಠದಲ್ಲಿ ಇರುತ್ತೇನೆಂದು ಮಾತು ಕೊಟ್ಟು ಬಂದವನು ಅವನು. ಅದರಲ್ಲಿ ಅರ್ಧವೂ ಕಳೆದಿರಲಿಲ್ಲ. ಬೆಟ್ಟದಾಚೆ ಇನ್ನೂ ಶಾಂತವಾದ ಮಠವೊಂದಿದೆ ಎಂದು ಯಾರೋ ದಾರಿಹೋಕರು ಹೇಳಿದ್ದರು. ಗುರುಗಳು ಚಾಪೆಯನ್ನು ನೋಡಿದರು. ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿಗೆ ಒಬ್ಬ ನೇಕಾರ ತನ್ನ ಹೆಂಡತಿಯೊಡನೆ ಬಂದ. ಹೆಂಡತಿಯ ಹೆಸರು ಬಾಳವ್ವ. ಸಂತೆಗೆ ಹೋಗುವ ದಾರಿಯಲ್ಲಿ ಒಂದು ಮನೆ ಬಾಡಿಗೆಗೆ ಸಿಕ್ಕಿತು. ಹಿರಿಯರ ಮುಂದೆ ವೀಳ್ಯ ಹಿಡಿದು ಮಾತಾಯಿತು. ಐದು ಯುಗಾದಿ ಕಳೆಯುವ ತನಕ ಮನೆಯ ಒಡೆಯ ಅವರನ್ನು ಬಿಡಿಸುವಂತಿಲ್ಲ; ಅವರೂ ಬಿಟ್ಟು ಹೋಗುವಂತಿಲ್ಲ.

ಅವನದು ಕುಣಿಮಗ್ಗ. ಕುಣಿಮಗ್ಗಕ್ಕೆ ಮನೆಯ ನೆಲವನ್ನು ತೋಡಬೇಕು. ನೇಕಾರ ನೆಲದ ಮೇಲೆ ಕುಳಿತು, ಕಾಲನ್ನು ಕುಣಿಯೊಳಗೆ ಇಳಿಬಿಟ್ಟು, ಅಲ್ಲಿರುವ ಮೆಟ್ಟುಹಲಗೆಗಳನ್ನು ತುಳಿಯುತ್ತ ನೇಯಬೇಕು. ಹಾಗಾಗಿ ಆ ಓಣಿಯಲ್ಲಿ ಒಂದು ಕಟ್ಟಳೆ ಇತ್ತು. ಮನೆ ಬಿಡುವವನು ಕುಣಿಯನ್ನು ಅದರದೇ ಮಣ್ಣಿನಿಂದ ಮುಚ್ಚಿಕೊಟ್ಟು ಹೋಗಬೇಕು. ಹೊರಗಿನ ಮಣ್ಣು ಮನೆಯ ನೆಲಕ್ಕೆ ಹೊಂದುವುದಿಲ್ಲ, ಮೊದಲ ಮಳೆಗಾಲಕ್ಕೇ ಕುಸಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ಅದಕ್ಕೇ ಬಾಡಿಗೆಗೆ ಬಂದ ನೇಕಾರರೆಲ್ಲ ತೋಡಿದ ಮಣ್ಣನ್ನು ಹಿತ್ತಿಲಲ್ಲಿ ಗುಡ್ಡೆ ಹಾಕಿ, ಮೇಲೆ ತೆಂಗಿನ ಗರಿ ಹೊದಿಸಿ, ಹೋಗುವ ದಿನಕ್ಕೆಂದು ಕಾಪಾಡಿಕೊಳ್ಳುತ್ತಿದ್ದರು. ಕೆಲವರ ಗುಡ್ಡೆಗಳ ಮೇಲೆ ಹುಲ್ಲು ಬೆಳೆದು, ಒಣಗಿ, ಮತ್ತೆ ಬೆಳೆದಿತ್ತು.

ಈ ನೇಕಾರನ ಹಿತ್ತಿಲಲ್ಲಿ ಮಾತ್ರ ಗುಡ್ಡೆ ಇರಲಿಲ್ಲ. ಬಾಳವ್ವ ಆ ಮಣ್ಣನ್ನೆಲ್ಲ ಹೊತ್ತು, ಕಲ್ಲು ಸೇರಿಸಿ, ಮನೆಯ ಮುಂದೆ ದಾರಿಯ ಅಂಚಿಗೆ ಒಂದು ಕಟ್ಟೆ ಕಟ್ಟಿದ್ದಳು. ಅದಕ್ಕೆ ಎರಡು ಹಂತ. ಕೆಳಗಿನದು ಕೂರುವುದಕ್ಕೆ. ಮೇಲಿನದು ಎದೆಮಟ್ಟ, ತಲೆಹೊರೆಯನ್ನು ಇನ್ನೊಬ್ಬರ ಕೈಯಿಲ್ಲದೆ ಇಳಿಸುವುದಕ್ಕೆ. ಬಿಡುವ ದಿನ ಏನು ಮಾಡುತ್ತೀ ಎಂದು ಗಂಡ ಕೇಳಿದ್ದಕ್ಕೆ ಅವಳು, ಈ ಊರಿಗೆ ಬಂದ ದಿನ ತನ್ನ ತಲೆಯ ಮೇಲಿನ ಗಂಟು ಇಳಿಸಲು ಒಂದು ಕೈಯೂ ಸಿಗಲಿಲ್ಲ, ಇಳಿಸೆಂದು ಕೇಳಲು ಯಾರ ಹೆಸರೂ ಗೊತ್ತಿರಲಿಲ್ಲ ಎಂದಷ್ಟೇ ಹೇಳಿದಳು.

ಎರಡು ಯುಗಾದಿ ಕಳೆದವು. ಮೂರನೆಯ ಯುಗಾದಿ ಕಳೆದು ಮೋಡ ಕಟ್ಟುವ ಕಾಲಕ್ಕೆ ಹೊಳೆಯಾಚೆಯಿಂದ ಸುದ್ದಿ ಬಂತು. ಅಲ್ಲಿಗೆ ಮದುವೆ ಮಾಡಿಕೊಟ್ಟಿದ್ದ ಅವರ ಒಬ್ಬಳೇ ಮಗಳ ಗಂಡ ತೀರಿಕೊಂಡಿದ್ದ. ಮಗಳು ತುಂಬು ಬಸುರಿ. ಮನೆಯಲ್ಲಿ ಬೇರೆ ಯಾರೂ ಇಲ್ಲ. ಹೊಳೆ ತುಂಬಿದರೆ ಹರಿಗೋಲು ನಿಲ್ಲುತ್ತದೆ. ನಿಂತರೆ ಮಳೆಗಾಲ ಮುಗಿಯುವ ತನಕ ದಾಟುವಂತಿಲ್ಲ.

ನೇಕಾರ ಮನೆಯ ಒಡೆಯನ ಬಳಿ ಹೋಗಿ ಎಲ್ಲವನ್ನೂ ಹೇಳಿದ. ಬಿಡುಗಡೆ ಕೊಡಬೇಕು ಎಂದು ಕೇಳಿಕೊಂಡ.

ಒಡೆಯ ಕೆಟ್ಟವನಲ್ಲ. ಹಿಂದಿನ ವರ್ಷ ಒಬ್ಬ ಎಣ್ಣೆ ವ್ಯಾಪಾರಿ ಅದೇ ಮನೆಯನ್ನು ಉಗ್ರಾಣಕ್ಕೆ ಕೇಳಿ ಎರಡರಷ್ಟು ಬಾಡಿಗೆ ಕೊಡಲು ಬಂದಿದ್ದ. ನೇಕಾರನಿಗೆ ಮಾತು ಕೊಟ್ಟಿದ್ದೇನೆ ಎಂದು ಒಡೆಯ ಅವನನ್ನು ಹಿಂದಕ್ಕೆ ಕಳುಹಿಸಿದ್ದ. ಈಗ ಆ ವ್ಯಾಪಾರಿ ಬೇರೆ ಕಡೆ ನೆಲೆಯಾಗಿದ್ದ.

“ನಿನಗಾಗಿ ನಾನು ಮಾತು ಉಳಿಸಿಕೊಂಡೆ” ಎಂದ ಒಡೆಯ. “ನಿನ್ನ ಸರದಿ ಬಂದಾಗ ನಿನಗೆ ಹೊಳೆ ಅಡ್ಡ ಬಂತು. ಇರಲಿ. ಮಗಳ ಕಷ್ಟಕ್ಕೆ ನಾನು ಅಡ್ಡ ಬರುವುದಿಲ್ಲ. ಕುಣಿ ಮುಚ್ಚಿ ಹೋಗು.”

ಕೆರೆಯ ಮಣ್ಣು ತಂದು ತುಂಬುತ್ತೇನೆ ಎಂದ ನೇಕಾರ. ಒಡೆಯ ಒಪ್ಪಲಿಲ್ಲ. ಅದರ ಮಣ್ಣೇ ಆಗಬೇಕು. ಆಗದಿದ್ದರೆ ಮಗ್ಗ ಇಲ್ಲೇ ಇರಬೇಕು. ಓಣಿಯ ಹಿರಿಯರೂ ಹೌದೆಂದರು. ನೇಕಾರನ ಪಾಲಿಗೆ ಮಗ್ಗವಿಲ್ಲದೆ ಹೊಳೆ ದಾಟುವುದೆಂದರೆ ಮಗಳ ಮನೆಗೆ ಇನ್ನೆರಡು ಹಸಿದ ಬಾಯಿಗಳನ್ನು ಕೊಂಡೊಯ್ದಂತೆ. ಕಟ್ಟೆ ಒಡೆಯುವುದಲ್ಲದೆ ಬೇರೆ ದಾರಿ ಇರಲಿಲ್ಲ.

ಮರುದಿನ ಬೆಳಗ್ಗೆ ನೇಕಾರ ಹಾರೆ ತಂದ. ಮಣ್ಣು ಮೆತ್ತಗಾಗಲೆಂದು ಬಾಳವ್ವ ಕೊಡದಲ್ಲಿ ನೀರು ತಂದಳು. ಒಂದು ಬುಟ್ಟಿ ಮಣ್ಣೂ ಬೇರೆ ಕಡೆಯಿಂದ ಬರಬಾರದೆಂದು ನೋಡಿಕೊಳ್ಳಲು ಒಡೆಯ ಬಂದು ಎದುರಿಗೆ ಕೈಕಟ್ಟಿ ನಿಂತ. ಅವನ ವಾಸ ಊರಿನ ಇನ್ನೊಂದು ಕೊನೆಯಲ್ಲಿ. ಬಾಡಿಗೆಯನ್ನು ನೇಕಾರನೇ ಹೋಗಿ ಕೊಟ್ಟು ಬರುತ್ತಿದ್ದುದರಿಂದ ಒಡೆಯ ಆ ದಾರಿಗೆ ಬಂದು ಬಹಳ ಕಾಲವಾಗಿತ್ತು.

ನೇಕಾರ ಹಾರೆ ಎತ್ತುವ ಹೊತ್ತಿಗೆ ಉಪ್ಪಿನ ಮೂಟೆ ಹೊತ್ತವನೊಬ್ಬ ಬಂದ. ಯಾರನ್ನೂ ಕೇಳಲಿಲ್ಲ. ಕಟ್ಟೆಗೆ ಎದೆ ಒತ್ತಿ ನಿಂತು, ಕತ್ತು ಬಾಗಿಸಿ, ಮೂಟೆಯನ್ನು ಮೇಲಿನ ಹಂತಕ್ಕೆ ಜಾರಿಸಿ, ಕೆಳಗಿನ ಹಂತದಲ್ಲಿ ಕುಳಿತು ಕಣ್ಣು ಮುಚ್ಚಿದ. ಹೊರೆ ಇಳಿಸಿ ಕುಳಿತವನನ್ನು ಎಬ್ಬಿಸಬಾರದು ಎಂಬುದು ಆ ಸೀಮೆಯಲ್ಲಿ ಯಾರೂ ಮೀರದ ಮಾತು. ಅವನು ಏಳಲಿ, ಆಮೇಲೆ ಒಡೆ ಎಂದು ಒಡೆಯನೇ ಹೇಳಿದ.

ಅವನು ಏಳುವ ಮೊದಲೇ ಮಡಕೆಗಳ ಬುಟ್ಟಿ ಹೊತ್ತ ಕುಂಬಾರಗಿತ್ತಿ ಬಂದಳು. ಅವಳು ಎದ್ದರೆ ಹುಲ್ಲುಹೊರೆಯವನು. ಆಮೇಲೆ ಜ್ವರ ಬಂದವನನ್ನು ಹೊರಸಿನ ಮೇಲೆ ಹೊತ್ತು ವೈದ್ಯನ ಮನೆಗೆ ಹೋಗುತ್ತಿದ್ದ ನಾಲ್ವರು. ಅವರು ಹೊರಸನ್ನು ಮೇಲಿನ ಹಂತದಲ್ಲಿಟ್ಟು ಹೆಗಲು ಬದಲಿಸಿದರು. ಬಾಳವ್ವ ಮಣ್ಣು ನೆನೆಸಲು ತಂದ ನೀರನ್ನು ಜ್ವರದವನ ಬಾಯಿಗೆ ಹಾಕಿದಳು. ಉಳಿದದ್ದನ್ನು ಆ ನಾಲ್ವರು ಕುಡಿದರು. ಕೊಡ ಬರಿದಾಯಿತು.

ಒಡೆಯ ನಿಂತೇ ಇದ್ದ. ಯಾವ ಊರಿನಿಂದ ಬಂದಿರಿ ಎಂದು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ಅವನು ಹೆಸರನ್ನೇ ಕೇಳದ ಹಳ್ಳಿಗಳಿಂದೆಲ್ಲ ಬಂದಿದ್ದರು. ಬೆಟ್ಟದ ಬುಡದಿಂದ ಸಂತೆಯ ತನಕ ಹೊರೆ ಇಳಿಸಲು ಇದೊಂದೇ ಜಾಗ ಎಂದರು. ಇದು ಬರುವ ಮೊದಲು ಏನು ಮಾಡುತ್ತಿದ್ದಿರಿ ಎಂದರೆ, ಹೊತ್ತೇ ಇರುತ್ತಿದ್ದೆವು ಎಂದರು. ಇದು ಯಾರ ಕಟ್ಟೆ ಎಂದು ಕೇಳಿದರೆ ಎಲ್ಲರೂ ಒಂದೇ ಮಾತು ಹೇಳಿದರು: ಬಾಳವ್ವನ ಕಟ್ಟೆ. ಪಕ್ಕದಲ್ಲೇ ಬರಿಗೊಡ ಹಿಡಿದು ನಿಂತಿದ್ದವಳೇ ಬಾಳವ್ವ ಎಂದು ಅವರಲ್ಲಿ ಹಲವರಿಗೆ ತಿಳಿದಿರಲಿಲ್ಲ.

ಹೊತ್ತು ನೆತ್ತಿಗೇರಿ ಇಳಿಯಿತು. ಕಟ್ಟೆ ಒಂದು ಗಳಿಗೆಯೂ ಬರಿದಾಗಲಿಲ್ಲ. ಹಾರೆ ಗೋಡೆಗೆ ಒರಗಿಯೇ ಇತ್ತು.

ಆಗ ಸೌದೆ ಹೊತ್ತ ಮುದುಕಿಯೊಬ್ಬಳು ಬಂದು ಹೊರೆ ಇಳಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡು ಒಡೆಯನನ್ನು ಮೇಲಿಂದ ಕೆಳಗೆ ನೋಡಿದಳು.

“ನಿನ್ನ ತಲೆಯ ಮೇಲೆ ನನಗೇನೂ ಕಾಣಿಸುವುದಿಲ್ಲ ಮಗಾ” ಎಂದಳು. “ಮುಖ ನೋಡಿದರೆ ನಮ್ಮೆಲ್ಲರಿಗಿಂತ ಭಾರ ಹೊತ್ತವನ ಹಾಗಿದ್ದೀ. ಅದೇನಿದೆಯೋ ಇಳಿಸಿ, ಬಾ, ಕೂತುಕೋ.”

ಸುತ್ತಲಿದ್ದವರು ನಕ್ಕರು. ಮುದುಕಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಬೆಳಗಿನಿಂದ ನಿಂತ ಕಾಲು ಸೋತಿತ್ತು. ಒಡೆಯ ಕುಳಿತ.

ಕುಳಿತು ಅಂಗೈಯನ್ನು ಕಟ್ಟೆಯ ಮೇಲೆ ಊರಿದ. ಮಣ್ಣು ಬೆಚ್ಚಗಿತ್ತು. ಅದು ಅವನ ಅಜ್ಜ ಬಡಿದು ಗಟ್ಟಿ ಮಾಡಿದ ನೆಲದ ಮಣ್ಣು. ಅವನ ಅಜ್ಜನಾಗಲಿ ಅಪ್ಪನಾಗಲಿ ಆ ನೆಲದ ಮೇಲೆ ಒಬ್ಬ ದಾರಿಹೋಕನನ್ನೂ ಕೂರಿಸಿದವರಲ್ಲ. ಬಾಗಿಲು ಹಾಕಿದ ಮನೆಯೊಳಗೆ ಕತ್ತಲಲ್ಲಿ ಬಿದ್ದಿದ್ದ ಮಣ್ಣು ಈಗ ಬಿಸಿಲಿನಲ್ಲಿ ಕುಳಿತು ಹತ್ತೂರಿನ ಹೊರೆಯನ್ನು ಹಿಡಿದಿತ್ತು.

ಅವನು ಎದ್ದು ಮನೆಯೊಳಗೆ ಹೋದ. ನೇಕಾರ ಕೂರುವ ಜಾಗದಲ್ಲಿ ಕುಳಿತು ಕಾಲನ್ನು ಕುಣಿಯೊಳಗೆ ಇಳಿಬಿಟ್ಟ. ಅಲ್ಲಿಂದ ಕಣ್ಣೆತ್ತಿದರೆ ಬಾಗಿಲಿನಾಚೆ ಕಟ್ಟೆಯೊಂದೇ ಕಾಣುತ್ತಿತ್ತು. ಒಂದು ತಲೆ ಬಾಗುವುದು, ಹೊರೆ ಜಾರುವುದು, ಕತ್ತು ನೆಟ್ಟಗಾಗುವುದು. ತನ್ನ ಕಾಲ ಕೆಳಗೆ ಇಲ್ಲದ ಮಣ್ಣು ಅಲ್ಲಿ ಇತ್ತು. ಬಹಳ ಹೊತ್ತು ಅವನು ಹಾಗೇ ಕುಳಿತಿದ್ದ. ಒಳಗೆ ಇಣುಕಿದ ನೇಕಾರನಿಗೆ, ದೇವರ ಮುಂದೆ ಕುಳಿತವನನ್ನು ಕರೆಯಲು ಹಿಂಜರಿಯುವಂತೆ, ಅವನನ್ನು ಕರೆಯಲು ಧೈರ್ಯ ಬರಲಿಲ್ಲ.

ಒಡೆಯ ತಾನಾಗಿಯೇ ಹೊರಗೆ ಬಂದ. ಹಿರಿಯರನ್ನು ಕರೆಸಿದ. ಅವರ ಮುಂದೆ ಹೇಳಿದ್ದು ಇಷ್ಟೇ: “ನನ್ನ ಮಣ್ಣು ನನಗೆ ಮುಟ್ಟಿತು.”

ಕುಣಿ ತೆರೆದೇ ಇದೆಯಲ್ಲ ಎಂದು ಒಬ್ಬ ಹಿರಿಯ ಹೇಳಿದ. ಅದು ಇರಲಿ, ಇನ್ನೊಬ್ಬ ನೇಕಾರನಿಗೆ ತೋಡುವ ಶ್ರಮ ತಪ್ಪಿತು ಎಂದ ಒಡೆಯ. ಆಮೇಲೆ ಗೋಡೆಗೆ ಒರಗಿದ್ದ ಹಾರೆಯನ್ನು ತಾನೇ ಎತ್ತಿ ಒಳಗಿಟ್ಟ.

ಮಗ್ಗ ಬಿಚ್ಚಿ ಗಾಡಿಗೆ ಏರಿಸಿದರು. ಹೊರಡುವಾಗ ಬಾಳವ್ವ ತನ್ನ ಗಂಟನ್ನು ಕಟ್ಟೆಯ ಮೇಲಿಟ್ಟು, ಅದಕ್ಕೆ ತಲೆ ಒಡ್ಡಿ, ಯಾರ ಕೈಯೂ ಇಲ್ಲದೆ ಹೊತ್ತುಕೊಂಡಳು. ಬಂದ ದಿನ ಸಿಗದ ಕೈ ಹೋಗುವ ದಿನ ಅಲ್ಲಿತ್ತು. ಅವರು ಹೊಳೆ ದಾಟಿದ ಮೇಲೆ ನೀರು ಏರಿತು. ಮಗಳಿಗೆ ಹೆರಿಗೆಯಾದಾಗ ಬಾಳವ್ವ ಪಕ್ಕದಲ್ಲಿದ್ದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಮುಖ ಹಗುರವಾಗಿತ್ತು. ಅವನ ಕೈ ಚಾಪೆಯ ಕಡೆಗೆ ಸರಿಯಿತು.

“ಹಾಗಾದರೆ ಅವಧಿಗೆ ಮೊದಲೇ ಹೋದದ್ದು ನೇಕಾರನ ತಪ್ಪಲ್ಲ, ಅಲ್ಲವೇ ಗುರುಗಳೇ?”

“ಮಾತು ಮುರಿದದ್ದು ತಪ್ಪೇ” ಎಂದರು ಗುರುಗಳು. “ಆದರೂ ಹೋಗಬಹುದು. ನೀನೂ ಹೋಗಬಹುದು.”

ಶಿಷ್ಯ ಚಾಪೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದು ನಮಸ್ಕರಿಸಿದ. ಹೊಸ್ತಿಲು ದಾಟಲು ಕಾಲೆತ್ತಿದಾಗ ಗುರುಗಳು ಕೇಳಿದರು:

“ಇಷ್ಟು ವರ್ಷ ಇಲ್ಲಿ ನೀನು ತೋಡಿದ ಮಣ್ಣು ಎಲ್ಲಿದೆ, ಅದನ್ನೊಂದು ತೋರಿಸಿ ಹೋಗು.”

ಶಿಷ್ಯನ ಕಾಲು ಹೊಸ್ತಿಲ ಈಚೆಗೇ ಇಳಿಯಿತು.